ಮಕ್ರುಹಿ ಓದಿದ ಸಾವು

ಬೈರೂತಿನ ಮಗ್ಗುಲಿಗೆ ನಾವು ಅರ್ಮೇನಿಯನ್ ನಿರಾಶ್ರಿತರು ನೆಲೆಸಿದ್ದ ಬುರ್ಜ್ ಹಮ್ಮೂದಿನ ಕಸೂತಿ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಶನಿವಾರ ಪತ್ರಿಕೆ ಬಂದೊಡನೆ ಒಬ್ಬಳು ಸೂಜಿ ಕೆಳಗಿಟ್ಟು ಅದರಲ್ಲಿನ ಧಾರಾವಾಹಿಯನ್ನು ಗಟ್ಟಿಯಾಗಿ ಓದಬೇಕು. ಅವಳ ಪಾಲಿನ ಹೊಲಿಗೆಯನ್ನು ಉಳಿದ ಹನ್ನೊಂದು ಮಂದಿ ಹಂಚಿಕೊಂಡು ಹಾಕಬೇಕು. ಓದುವವಳು ಮಕ್ರುಹಿ. ಒಂಬತ್ತು ವರ್ಷದಿಂದ ಅವಳೇ. ಮಿಕ್ಕವರೆಲ್ಲ ಮರಾಶ್, ಐಂತಾಬ್ ಕಡೆಯ ಹೆಂಗಸರು. ಎದೆ ಅರ್ಮೇನಿಯನ್ನರದಾದರೂ ಬಾಯಿ ತುರ್ಕಿಯದು. ನಮ್ಮ ಪತ್ರಿಕೆಯ ಅರ್ಮೇನಿಯನ್ ಭಾಷೆ ಕಿವಿಗೆ ಹತ್ತುತ್ತಿತ್ತೇ ಹೊರತು ಅಕ್ಷರ ಒಬ್ಬರಿಗೂ ಒಲಿದಿರಲಿಲ್ಲ. ಮಕ್ರುಹಿ ಖಾರ್ಪೆರ್ತಿನ ಮಿಷನ್ ಶಾಲೆಯಲ್ಲಿ ಹದಿನಾರರವರೆಗೆ ಓದಿದವಳು.

ಇನ್ನೊಂದು ಕಟ್ಟಳೆಯೂ ಇತ್ತು. ಓದುವವಳು ಮುಂಚೆಯೇ ಕದ್ದು ನೋಡಕೂಡದು. ಪತ್ರಿಕೆಗೆ ಸುತ್ತಿದ ಕಾಗದದ ಪಟ್ಟಿಯನ್ನು ಪೆರೂಜಕ್ಕನೇ ಎಲ್ಲರೆದುರು ಕತ್ತರಿಯಿಂದ ಕತ್ತರಿಸಿ ಕೊಡಬೇಕು. ಪೆರೂಜ್ ಆ ಕಸೂತಿ ಮನೆಯ ಹಿರಿಯಳು. ಅರವತ್ತು ದಾಟಿದ್ದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾಲಿಗೆ ಮಾತ್ರ ಸೂಜಿಗಿಂತ ಚೂಪು.

‘‘ನಿನಗೊಬ್ಬಳಿಗೇ ಮೊದಲು ಗೊತ್ತಾಗ್ಬಿಟ್ರೆ ನಮ್ಮ ಮುಖ ನೋಡ್ಕೊಂಡು ನಗ್ತೀಯ ಕಣೇ. ಅಳೋದಾದ್ರೆ ಎಲ್ಲಾರೂ ಒಟ್ಟಿಗೇ ಅಳೋಣ,’’ ಎನ್ನುವಳು.

ಮಕ್ರುಹಿಗೆ ಆಗ ಮೂವತ್ತಾರು. ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿಯ ಮಾತು ಇದು. ಉದ್ದನೆಯ, ಮೂಳೆ ಕಾಣುವ ಹೆಂಗಸು. ಬೈರೂತಿನ ಬಿಸಿಲಲ್ಲೂ ತಲೆವಸ್ತ್ರವನ್ನು ಕೆಳತುಟಿಯವರೆಗೆ ಎಳೆದು ಗಲ್ಲ ಮುಚ್ಚಿ ಕಟ್ಟುತ್ತಿದ್ದಳು. ಒಳಗೆ ಸುಟ್ಟ ಗಾಯದ ಕಲೆ. ಬಾಣಲೆಯ ಎಣ್ಣೆ ಸಿಡಿದದ್ದು ಎಂದು ಹೇಳುತ್ತಿದ್ದಳು. ಅದನ್ನು ಯಾರೂ ನಂಬುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ನಮ್ಮ ಗುಡಿಸಲುಗಳ ನಡುವೆ ಕೇಳಬಾರದ ಮಾತುಗಳೇ ಹೆಚ್ಚು, ಒಬ್ಬೊಬ್ಬರ ಹೊಟ್ಟೆಯಲ್ಲೂ ಒಂದೊಂದು. ಮರಳುಗಾಡಿನ ಗುಡಾರಗಳಿಂದ ಬಿಡಿಸಿ ತಂದ ಹೆಂಗಸರ ಗಲ್ಲದ ಮೇಲೆ ಅಲ್ಲಿಯವರು ಚುಚ್ಚಿದ ನೀಲಿ ಹಚ್ಚೆ ಇರುತ್ತಿತ್ತು. ಅಂಥವರನ್ನು ಆತುರಾತುರವಾಗಿ ವಿಧುರರಿಗೆ ಕೊಟ್ಟರು, ಕೆಲವರನ್ನು ಫೋಟೋ ನೋಡಿ ಒಪ್ಪಿದವರ ಬಳಿಗೆ ಹಡಗು ಹತ್ತಿಸಿ ದೂರ ಕಳಿಸಿದರು. ಮಕ್ರುಹಿ ಅಲೆಪ್ಪೋದಲ್ಲಿದ್ದಾಗ ಅಕ್ಕಸಾಲಿಗರು ಬಳಸುವ ಆಮ್ಲ ತಂದು ತನ್ನ ಹಚ್ಚೆಯನ್ನು ತಾನೇ ಸುಟ್ಟುಕೊಂಡಳು. ಮದುವೆಯ ಮಾತು ಮೂರು ಬಾರಿ ಬಂತು. ಮೂರು ಬಾರಿಯೂ ಬೇಡವೆಂದಳು.

ಹದಿನೈದನೆಯ ಇಸವಿಯಲ್ಲಿ ತುರ್ಕಿ ಸರ್ಕಾರ ನಮ್ಮವರನ್ನು ಊರಿಗೆ ಊರನ್ನೇ ಮರಳುಗಾಡಿನತ್ತ ಹೊರಡಿಸಿದಾಗ ಅವಳಿಗೆ ಹದಿನೇಳು. ಎರಡು ತಿಂಗಳು ನಡೆದರು. ತಾಯಿ ದಾರಿಯಲ್ಲೇ ಹೋದಳು. ಯೂಫ್ರೆಟಿಸ್ ದಂಡೆಯಲ್ಲಿ ಕುರಿ ಮೇಯಿಸುವ ಆಯೆದ್ ಎಂಬವನು ಇವಳನ್ನು ಸಾಲಿನಿಂದ ಎಳೆದು ತನ್ನ ಗುಡಾರಕ್ಕೆ ಒಯ್ದ. ಅವನು ಕೊಂದವನಲ್ಲ, ಹೊಡೆದವನೂ ಅಲ್ಲ, ಕೇಳಿದವನೂ ಅಲ್ಲ. ಅಲ್ಲಿ ಅವಳ ಹೆಸರು ನೂರಾ ಎಂದಾಯಿತು. ಖಲಫ್ ಎಂಬ ಮಗ ಹುಟ್ಟಿದ. ಮಗುವಿಗೆ ನಾಲ್ಕಾದಾಗ, ಹಾಗೆ ಒಯ್ದ ಹೆಂಗಸರನ್ನು ಹುಡುಕಿ ಬಿಡಿಸುವ ನಮ್ಮವರ ಗಾಡಿ ಆ ಕಡೆ ಬಂತು. ಗಾಡಿಯವರು ನೇರವಾಗಿಯೇ ಹೇಳಿದರು: ನೀನು ಬರಬಹುದು, ಮಗು ತಂದೆಯದು. ಯೋಚಿಸಲು ಕೊಟ್ಟದ್ದು ಒಂದು ಬೆಳಗ್ಗೆ. ಖರ್ಜೂರ ಜಗಿಯುತ್ತಾ ನಿಂತಿದ್ದ ಮಗು, ‘‘ಯಾವಾಗ ಬರ್ತೀಯಾ?’’ ಎಂದಿತು. ‘‘ಸಂಜೆಗೆ,’’ ಎಂದು ಹೇಳಿ ಗಾಡಿ ಹತ್ತಿದಳು. ಹತ್ತಿದ್ದು ಸರಿಯೋ ತಪ್ಪೋ ನಾನು ಹೇಳುವವನಲ್ಲ. ಅಂಥ ಗಾಡಿಯ ಮುಂದೆ ಎಂದೂ ನಿಲ್ಲದ ಬಾಯಿಗಳು ಬೇಕಾದಷ್ಟು ಹೇಳಿವೆ.

ಇಷ್ಟನ್ನೂ ಅವಳು ಆ ವರ್ಷದವರೆಗೆ ಒಬ್ಬರಿಗೇ ಹೇಳಿದ್ದು. ದಿಗಿನ್ ಅರ್ಷಲುಯ್ಸ್‌ಗೆ. ದಿಗಿನ್ ಎಂದರೆ ನಮ್ಮಲ್ಲಿ ಅಮ್ಮಾವ್ರು. ಮೇಷ್ಟರ ಹೆಂಡತಿ, ಕಾದಂಬರಿ ಬರೆಯುವಾಕೆ. ಆಕೆಯ ಹಿಂದಿನ ಎರಡು ಕಾದಂಬರಿಗಳನ್ನೂ ಕಸೂತಿ ಮನೆ ಬಾಯಿಪಾಠ ಮಾಡಿತ್ತು. ಒಂದರಲ್ಲಿ ಹುಡುಗಿ ಅಪ್ಪನ ಮಾತು ಮೀರಿ ಪ್ಯಾರಿಸ್ಸಿಗೆ ಹೋಗಿ ವೈದ್ಯೆಯಾಗುತ್ತಾಳೆ. ಇನ್ನೊಂದರಲ್ಲಿ ಕುಡುಕ ಗಂಡನ ಮುಖಕ್ಕೆ ಬಾಗಿಲು ಹಾಕಿ ಒಬ್ಬಳು ಶಾಲೆ ತೆರೆಯುತ್ತಾಳೆ. ‘‘ಇವಳ ಹೆಂಗಸರು ಮಾತಾಡ್ತಾರೆ ಕಣ್ರೇ. ಗಂಡಸರು ಬರೆದ ಪುಸ್ತಕದಲ್ಲಿ ಹೆಂಗಸು ಬರೀ ನಿಟ್ಟುಸಿರು ಬಿಡ್ತಾಳೆ,’’ ಎಂದು ಪೆರೂಜಕ್ಕನೇ ತೀರ್ಪು ಕೊಟ್ಟಿದ್ದಳು. ಆ ದಿಗಿನ್ ಒಂದು ದಿನ ಟಿಪ್ಪಣಿ ಪುಸ್ತಕ ಹಿಡಿದು ಮಕ್ರುಹಿಯ ಕೋಣೆಗೆ ಬಂದರು. ಮೂರು ಮಧ್ಯಾಹ್ನ ಕೂತರು. ಮಕ್ರುಹಿ ಎಲ್ಲವನ್ನೂ ಹೇಳಿದಳು, ‘‘ಸಂಜೆಗೆ’’ ಎಂದದ್ದನ್ನೂ.

‘‘ಹೆಸರು ಬದಲಾಯಿಸಿ ದಿಗಿನ್. ಮಿಕ್ಕಿದ್ದು ಇದ್ದ ಹಾಗೇ ಬರೀರಿ,’’ ಎಂದಳು.

‘‘ಇದ್ದ ಹಾಗೇ ಬರೀತೀನಿ,’’ ಎಂದರು ಅವರು.

ಧಾರಾವಾಹಿ ಜನವರಿಯಲ್ಲಿ ಶುರುವಾಯಿತು. ನಾಯಕಿಯ ಹೆಸರು ಶುಷಾನ್. ಊರಿನ ಬಾವಿ, ಶಾಲೆಯ ಗಂಟೆ, ಅಮ್ಮ ಒಣಹಾಕುತ್ತಿದ್ದ ಹಿಪ್ಪುನೇರಳೆ ಎಲ್ಲವೂ ಮಕ್ರುಹಿಯವೇ. ತನ್ನ ಬಾಲ್ಯವನ್ನು ತಾನೇ ಓದಿ ಹೇಳುವುದು ವಿಚಿತ್ರವಾಗಿತ್ತು. ಅವಳ ದನಿ ಮಾತ್ರ ನಡುಗಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಹೆಂಗಸರಿಗಂತೂ ಶುಷಾನಳ ಹುಚ್ಚು ಹಿಡಿಯಿತು. ಮದುವೆ ಗೊತ್ತಾಗಿದ್ದ ಲುಸಾಪೆರ್ ಎಂಬ ಹುಡುಗಿ ತನಗೆ ಹೆಣ್ಣು ಮಗುವಾದರೆ ಆ ಹೆಸರನ್ನೇ ಇಡುವೆನೆಂದಳು.

‘‘ಮೊದಲು ಗಂಡನ ಮುಖ ನೋಡು, ಆಮೇಲೆ ಮಗಳಿಗೆ ಹೆಸರಿಡುವೆಯಂತೆ,’’ ಎಂದಳು ಪೆರೂಜ್. ಎಲ್ಲರೂ ನಕ್ಕರು.

ಏಪ್ರಿಲಿನಲ್ಲಿ ಹಂಬಾರ್ತ್ಸುಮ್ ಬಂದ. ಅವನು ಯೂಫ್ರೆಟಿಸ್ ದಂಡೆಯ ದೇರ್ ಎಜ್ಜೋರ್ ಊರಿಗೆ ಲಾರಿ ಓಡಿಸುವವನು, ನಮ್ಮವನೇ. ಬೀದಿಯಲ್ಲಿ ಕಂಡಕಂಡವರನ್ನು ಕೇಳುತ್ತಿದ್ದ: ‘‘ರಕ್ಕಾ ಕಡೆ ಒಬ್ಬ ಕುರಿಗಾಹಿ ಹುಡುಗ ನನ್ನ ಬೆನ್ನು ಬಿಡ್ತಿಲ್ಲ ಮಾರಾಯ್ರೇ. ಅವನ ತಾಯಿನ ಈ ಕಡೆ ಕರ್ಕೊಂಡು ಬಂದ್ರಂತೆ. ನೂರಾ ಅಂತ ಹೆಸರು. ಗಲ್ಲದ ಮೇಲೆ ನೀಲಿ ಹಚ್ಚೆ. ಯಾರಿಗಾದ್ರೂ ಗೊತ್ತಾ? ಅಪ್ಪ ಸತ್ತನಂತೆ, ಈಗ ಒಂಟಿ.’’

ಮಕ್ರುಹಿಯ ಕೈಯಲ್ಲಿ ನೀರಿನ ಕೊಡ ಇತ್ತು. ಅದನ್ನು ಕೆಳಗಿಟ್ಟಳು.

‘‘ನನಗೆ ಗೊತ್ತು ಆ ಹೆಂಗಸು. ಬರಲಿ. ಈಗಲ್ಲ, ದ್ರಾಕ್ಷಿ ಹಬ್ಬ ಕಳೆದ ಮೇಲೆ. ಸೀದಾ ಕಸೂತಿ ಮನೆಗೆ ಕರ್ಕೊಂಡು ಬಾ,’’ ಎಂದಳು.

ಯಾಕೆ ಆಗಸ್ಟಿನವರೆಗೆ ಕಾಯಿಸಿದಳು? ಲೆಕ್ಕ ಹಾಕಿದ್ದಳು, ಮಹಾತಾಯಿ. ಕಥೆ ಸಾಗುತ್ತಿದ್ದ ವೇಗ ನೋಡಿದರೆ ಜುಲೈ ಕೊನೆಗೆ ಗುಡಾರ ಬರುತ್ತದೆ, ಮಗು ಹುಟ್ಟುತ್ತದೆ, ಗಾಡಿ ಬರುತ್ತದೆ. ಮೂವತ್ತು ವಾರ ಶುಷಾನಳನ್ನು ಹೆತ್ತ ಮಗಳಂತೆ ಸಾಕಿದ ಈ ಹೆಂಗಸರು ಅವಳು ಗುಡಾರದೊಳಗೆ ಕಾಲಿಟ್ಟಳೆಂದು ಕೈಬಿಡುತ್ತಾರೆಯೇ? ಬಿಡಲಾರರು. ಅವಳನ್ನು ಒಪ್ಪಿದ ದಿನ ತಾನು ತಲೆವಸ್ತ್ರ ಬಿಚ್ಚುವುದು, ಶುಷಾನ್ ನಾನೇ ಅನ್ನುವುದು, ನನ್ನ ಮಗ ಬರುತ್ತಿದ್ದಾನೆ ಅನ್ನುವುದು. ಕೋಣೆಯಲ್ಲಿ ಇನ್ನೊಂದು ಹಾಸಿಗೆಗೆ ಉಣ್ಣೆಯನ್ನೂ ಒಗೆದು ಒಣಗಿಸಿಟ್ಟಳು. ಅವನಿಲ್ಲದೆ ಹದಿಮೂರು ವರ್ಷ ಬದುಕಿದ್ದಳು. ಈ ನಾಲ್ಕು ತಿಂಗಳು ಮಾತ್ರ ಅವಳಿಗೆ ದೂಡಲಾಗಲಿಲ್ಲ.

ಕಥೆ ನಿಧಾನವಾಯಿತು. ದಿಗಿನ್ ದಾರಿಯ ನಡಿಗೆಯನ್ನೇ ಎಳೆದರು. ಜುಲೈ ಮುಗಿದರೂ ಶುಷಾನ್ ನಡೆಯುತ್ತಲೇ ಇದ್ದಳು. ಆಗಸ್ಟಿನ ಮೊದಲ ವಾರ ಅವಳು ನದಿ ದಂಡೆಯ ಕರಿ ಗುಡಾರದೆದುರು ನಿಂತಲ್ಲಿಗೆ ಕಂತು ಮುಗಿಯಿತು. ಕೆಳಗೆ ‘ಮುಂದಿನ ವಾರ ಮುಕ್ತಾಯ’ ಎಂದಿತ್ತು. ಒಂದೇ ಕಂತಿನಲ್ಲಿ ಇಷ್ಟೆಲ್ಲ ಹೇಗೆ ಹಿಡಿಯುತ್ತದೆ ಎಂದು ಮಕ್ರುಹಿಗೆ ಅಳುಕಾಯಿತು. ದೊಡ್ಡ ಬರಹಗಾರರು, ಹಿಡಿಸುತ್ತಾರೆ ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಮುಂದಿನ ಶನಿವಾರ ಪೆರೂಜ್ ಪಟ್ಟಿ ಕತ್ತರಿಸಿ ಪತ್ರಿಕೆ ಕೊಟ್ಟಳು. ಮಕ್ರುಹಿ ಬಿಡಿಸಿದಳು. ಮೊದಲ ಸಾಲು ಹೀಗಿತ್ತು: ಶುಷಾನ್ ಗುಡಾರಕ್ಕೆ ಬೆನ್ನು ಹಾಕಿ ನದಿಯತ್ತ ಮುಖ ಮಾಡಿದಳು. ಮಕ್ರುಹಿಯ ಕಣ್ಣು ಸರ್ರನೆ ಕೊನೆಯವರೆಗೆ ಓಡಿತು. ಬಂಡೆ, ಪ್ರಾರ್ಥನೆ, ಸುಳಿ, ನೀರಿನ ಮೇಲೆ ತೇಲಿದ ಬಿಳಿ ತಲೆವಸ್ತ್ರ.

‘‘ಓದೇ. ಗಂಟಲು ಕಟ್ಟಿತಾ?’’ ಎಂದಳು ಪೆರೂಜ್.

ಮಕ್ರುಹಿ ಓದಿದಳು. ಅಚ್ಚಿನಲ್ಲಿ ಇಲ್ಲದ್ದನ್ನು ಓದಿದಳು.

‘‘ಶುಷಾನ್ ಗುಡಾರದ ಪರದೆ ಎತ್ತಿ, ತಲೆ ಬಗ್ಗಿಸಿ ಒಳಗೆ ಹೋದಳು. ಒಳಗೆ ಹೊಗೆ ತುಂಬಿತ್ತು. ಒಬ್ಬ ಮುದುಕಿ ಬಟ್ಟಲು ಮಜ್ಜಿಗೆ ಕೊಟ್ಟಳು. ಶುಷಾನ್ ಎರಡು ದಿನದಿಂದ ನೀರು ಕಂಡಿರಲಿಲ್ಲ. ಕುಡಿದಳು. ಮಾರನೆಯ ವರ್ಷ ಅವಳಿಗೆ ಗಂಡು ಮಗು ಹುಟ್ಟಿತು.’’

ಸೂಜಿಗಳು ನಿಂತವು.

‘‘ಅವರಿಗಾ? ಆ ಗುಡಾರದವರಿಗಾ ಹುಟ್ಟಿದ್ದು?’’ ಎಂದಳು ಲುಸಾಪೆರ್.

‘‘ಹೂಂ.’’

‘‘ಹಾಲು ಕುಡಿಸಿದಳಂತಾ ಅದಕ್ಕೆ?’’ ಇದು ಪೆರೂಜ್. ದನಿ ತಗ್ಗಿತ್ತು.

‘‘ಕುಡಿಸಿದಳು.’’

‘‘ಸಾಕು, ನಿಲ್ಲಿಸು.’’ ಪೆರೂಜ್ ಮಡಿಲಿನ ಬಟ್ಟೆಯನ್ನು ನೆಲಕ್ಕೆ ಹಾಕಿದಳು. ‘‘ಇವಳಿಗಾ ನಾನು ಕಣ್ಣೀರು ಸುರಿಸಿದ್ದು? ಮೂವತ್ತು ವಾರ ನನ್ನ ಹುಡುಗೀರನ್ನ ನೆನೆಸ್ಕೊಂಡು ನೆನೆಸ್ಕೊಂಡು ಅತ್ತಿದೀನಲ್ಲೇ. ಅದೇ ನದಿ ಕಣೇ. ಕೈ ಕೈ ಹಿಡ್ಕೊಂಡು ಹಾರಿದ್ರು ನನ್ನ ಇಬ್ಬರೂ ಹುಡುಗೀರು. ನಾನು ನೋಡಲಿಲ್ಲ. ಹಾರಿದ್ರು ಅಂತ ನನಗೆ ಹೇಳಿದ್ರು. ಅವರಿಗೆ ಜೀವ ಬೇಡವಾಗಿತ್ತಾ? ಇವಳಿಗೆ ಮಾತ್ರ ಮಜ್ಜಿಗೆ ಬೇಕಾಯ್ತಾ?’’

‘‘ಥೂ,’’ ಎಂದಳು ಲುಸಾಪೆರ್, ಮೆಲ್ಲಗೆ. ‘‘ನನ್ನ ಮಗಳಿಗೆ ಆ ಹೆಸರು ಬೇಡಪ್ಪ.’’

ಮಕ್ರುಹಿ ಪೆರೂಜಳ ಮುಖ ನೋಡಿದಳು. ಆ ಮುದುಕಿ ಹತ್ತೊಂಬತ್ತು ವರ್ಷದಿಂದ ‘ಹಾರಿದ್ರು’ ಎಂಬ ಆ ಒಂದು ಮಾತನ್ನು ಹಿಡಿದುಕೊಂಡೇ ಬದುಕಿದ್ದಳು. ಅದನ್ನು ಕಿತ್ತುಕೊಳ್ಳಲು ಮಕ್ರುಹಿಗೆ ಕೈಬರಲಿಲ್ಲ. ಹಾಗೆಂದು ಕರುಣೆಯೊಂದೇ ಅಲ್ಲ, ಹೆದರಿಕೆಯೂ ಇತ್ತು. ಹನ್ನೊಂದು ಮುಖಗಳಲ್ಲಿ ಒಂದೂ ತನ್ನ ಕಡೆಗಿರಲಿಲ್ಲ.

‘‘ತಪ್ಪಾಯ್ತು ಪೆರೂಜಕ್ಕ. ಪಕ್ಕದ ಅಂಕಣದ್ದು ಓದ್ಬಿಟ್ಟೆ. ಅದು ಬೇರೆ ಯಾರದೋ ಕಥೆ, ಬಾಯಿ ತಪ್ಪಿ ಶುಷಾನ್ ಅಂದ್ಬಿಟ್ಟೆ,’’ ಎಂದಳು.

‘‘ಕಣ್ಣು ಎಲ್ಲಿಟ್ಕೊಂಡಿದೀಯೇ? ನನ್ನ ಜೀವ ಹೋಗಿ ಬಂತು.’’

ಆಮೇಲೆ ಅವಳು ಅಚ್ಚಾದದ್ದನ್ನು ಓದಿದಳು. ಬಂಡೆ, ಪ್ರಾರ್ಥನೆ, ಸುಳಿ. ಓದುತ್ತಾ ಓದುತ್ತಾ ತನ್ನನ್ನು ನೀರಿಗೆ ಹಾಕಿದಳು. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಪೆರೂಜ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ‘‘ನನ್ನ ಬಂಗಾರಿ,’’ ಎಂದಳು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಾಗೆ. ಬದುಕಿದ್ದ ಶುಷಾನಳಿಗೆ ಥೂ ಎಂದ ಬಾಯಿಗಳೇ ಸತ್ತ ಶುಷಾನಳನ್ನು ಸಂತಳನ್ನಾಗಿ ಮಾಡಿದವು.

ಮಾರನೆಯ ಮಧ್ಯಾಹ್ನ ಮಕ್ರುಹಿ ದಿಗಿನ್ ಅರ್ಷಲುಯ್ಸ್ ಮನೆಗೆ ಹೋದಳು. ಅವರು ಬಾಗಿಲು ತೆರೆದು ಇವಳನ್ನು ಕಂಡು ತಲೆ ತಗ್ಗಿಸಿದರು. ಕಾಫಿ ತಂದಿಟ್ಟರು. ಅದು ಹಾಗೇ ಆರಿತು.

‘‘ನಾನು ಹೇಳಿದ್ದು ಇದಲ್ಲ ದಿಗಿನ್.’’

‘‘ಗೊತ್ತು. ನೀನು ಹೇಳಿದ ಹಾಗೇ ಬರ್ದಿದ್ದೆ ಮಕ್ರುಹಿ. ಮಗು, ಗಾಡಿ, ಎಲ್ಲಾ. ಸಂಪಾದಕರು ವಾಪಸ್ಸು ಕಳಿಸಿದ್ರು. ನಮ್ಮ ಹೆಣ್ಣುಮಕ್ಕಳ ಕೈಗೆ ಇಂಥಾದ್ದು ಕೊಡ್ತೀರಾ, ಇದ್ದಬದ್ದ ಮಾನಾನೂ ಕಳೀತೀರಾ ಅಂದ್ರು.’’

‘‘ನೀವು ಏನಂದ್ರಿ?’’

‘‘ಜಗಳ ಆಡಿದೆ. ನಾಲ್ಕು ವಾರ ಬರೀ ನಡಿಗೇನೇ ಬರೆದು ಕಾಲ ದೂಡಿದೆ. ಆಮೇಲೆ ಸೋತೆ.’’ ಕನ್ನಡಕ ತೆಗೆದು ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡರು. ‘‘ನಿನ್ನ ಹಾಗೆ ಒಂಬತ್ತು ಜನ ನನ್ನ ಮುಂದೆ ಕೂತು ಹೇಳಿದಾರೆ.’’

‘‘ಒಂಬತ್ತು ಜನದಲ್ಲಿ ಒಬ್ಬಳನ್ನಾದ್ರೂ ಬದುಕೋಕೆ ಬಿಡಬಾರದಿತ್ತಾ?’’

‘‘ಬದುಕಿದವಳನ್ನ ಯಾರೂ ಕ್ಷಮಿಸಲ್ಲ ಮಕ್ರುಹಿ. ಅದಕ್ಕೇ ನಿನಗೆ ಒಂದು ಒಳ್ಳೇ ಸಾವು ಕೊಟ್ಟೆ.’’

‘‘ನಾನು ಕೇಳಿದ್ದು ಸಾವಲ್ಲ,’’ ಎಂದು ಮಕ್ರುಹಿ ಎದ್ದಳು.

ನನಗಂತೂ ಆ ದಿಗಿನ್ ಮೇಲೆ ಇಂದಿಗೂ ಸಿಟ್ಟಿದೆ. ಕಥೆಯ ಹುಡುಗಿಯನ್ನು ಪ್ಯಾರಿಸ್ಸಿಗೆ ಕಳಿಸಿದಾಕೆ, ಗಂಡನ ಮುಖಕ್ಕೆ ಬಾಗಿಲು ಹಾಕಿಸಿದಾಕೆ. ಒಬ್ಬ ತಾಯಿಯ ಕೈಗೆ ಮಜ್ಜಿಗೆ ಬಟ್ಟಲು ಕೊಡುವ ಧೈರ್ಯ ಬರಲಿಲ್ಲ. ಆಕೆಯೂ ಪಾಪ, ಅತ್ತರು. ಅತ್ತರೆ ಅಚ್ಚು ಅಳಿಸುತ್ತದೆಯೇ?

ಮಕ್ರುಹಿ ಸೀದಾ ಲಾರಿ ನಿಲ್ಲುವ ಜಾಗಕ್ಕೆ ಓಡಿದಳು. ಹುಡುಗನಿಗೆ ಬರಬೇಡ ಎಂದು ಹೇಳಿ ಕಳಿಸಬೇಕಿತ್ತು. ಹಂಬಾರ್ತ್ಸುಮ್ ಎರಡು ದಿನದ ಹಿಂದೆಯೇ ಹೊರಟಿದ್ದ. ಅವನು ವಾಪಸ್ಸು ಬರುವಾಗ ಹುಡುಗನೂ ಬರುತ್ತಾನೆ.

ಮುಂದಿನ ಭಾನುವಾರ ಕನ್ಯಾಮರಿಯಮ್ಮನವರ ಹಬ್ಬ, ಅದೇ ದ್ರಾಕ್ಷಿ ಹಬ್ಬ. ಪಾದ್ರಿಗಳು ದ್ರಾಕ್ಷಿಯನ್ನು ಆಶೀರ್ವದಿಸಿ ಹಂಚುವವರೆಗೆ ನಾವು ಹೊಸ ದ್ರಾಕ್ಷಿಯನ್ನು ಬಾಯಿಗಿಡುವುದಿಲ್ಲ. ಹಬ್ಬದ ಮಾರನೆಯ ಸೋಮವಾರ ಸತ್ತವರ ದಿನ. ಮನೆಮನೆಯವರೂ ತಮ್ಮ ಸತ್ತವರ ಹೆಸರು ಬರೆದು ಕೊಟ್ಟರೆ ಪಾದ್ರಿಗಳು ಓದಿ ಆತ್ಮಶಾಂತಿ ಕೋರುತ್ತಾರೆ. ಪೆರೂಜ್ ಆ ಬೆಳಗ್ಗೆ ಒಂದು ಚೀಟಿ ಹಿಡಿದು ಮಕ್ರುಹಿಯ ಹತ್ತಿರ ಬಂದಳು.

‘‘ನನ್ನ ಹುಡುಗೀರ ಹೆಸರು ಬರಿ. ಕೆಳಗೆ ಶುಷಾನ್ ಅಂತ ಬರಿ.’’

‘‘ಅಕ್ಕ, ಅವಳು ಕಥೆಯವಳು.’’

‘‘ಕಥೆಯವಳಾದ್ರೆ ಏನೀಗ? ಅವಳ ಹೆಸರು ಹೇಳೋಕೆ ಯಾರಿದಾರೆ? ಹೆತ್ತವರಿಲ್ಲ, ಮಕ್ಕಳಿಲ್ಲ. ನಾವಾದ್ರೂ ಹೇಳೋಣ. ಬರಿ.’’

ಮಕ್ರುಹಿ ಬರೆದಳು. ಯಾವ ಶುಷಾನ್ ಎಂದು ಪಾದ್ರಿಗಳು ಕೇಳಲಿಲ್ಲ. ನಮ್ಮಲ್ಲಿ ಸತ್ತ ಶುಷಾನರಿಗೇನು ಕಡಿಮೆ? ಚರ್ಚಿನಲ್ಲಿ ಆ ಹೆಸರು ಬಂದಾಗ ಹನ್ನೊಂದು ಹೆಂಗಸರು ಮೊಣಕಾಲೂರಿದರು. ಹನ್ನೆರಡನೆಯವಳೂ ಊರಿದಳು. ಬದುಕಿರುವವಳು ತನ್ನ ಆತ್ಮಶಾಂತಿಗೆ ತಾನೇ ಕೈಮುಗಿದಳು, ಅವರ ನಡುವೆ, ಭುಜಕ್ಕೆ ಭುಜ ತಾಗಿಸಿಕೊಂಡು.

ಹಿಂದಿರುಗಿ ಕಸೂತಿ ಮನೆಯ ಅಂಗಳದಲ್ಲಿ ಕುಳಿತರು. ತಟ್ಟೆಯಲ್ಲಿ ನಿನ್ನೆಯ ದ್ರಾಕ್ಷಿ ಉಳಿದಿತ್ತು. ಅಷ್ಟರಲ್ಲಿ ಹಂಬಾರ್ತ್ಸುಮ್ ಹೊರಗಿನಿಂದ ಕೂಗಿ, ‘‘ಇವನೇ ಆ ಹುಡುಗ, ಮಕ್ರುಹಕ್ಕ. ನಾನು ಪೆಟ್ರೋಲ್ ಹಾಕ್ಸಿ ಬರ್ತೀನಿ,’’ ಎಂದು ಹೋದ. ಬಾಗಿಲಲ್ಲಿ ಹದಿನೇಳರ ಹುಡುಗ ನಿಂತಿದ್ದ. ಧೂಳು ಮೆತ್ತಿದ ಅಂಗಿ, ಕೈಯಲ್ಲಿ ಬಟ್ಟೆಗಂಟು. ಹುಬ್ಬು ಮಕ್ರುಹಿಯ ತಾಯಿಯದು. ಅವಳು ಎದ್ದು ಬಾಗಿಲಿಗೆ ಹೋದಳು.

‘‘ಸಲಾಮ್. ನೂರಾ ಅನ್ನೋರನ್ನ ತೋರಿಸ್ತೀರಂತೆ. ನಾನು ಅವರ ಮಗ,’’ ಎಂದ, ಬಯಲಿನ ಕುರಿಗಾಹಿಗಳ ಅರಬಿಯಲ್ಲಿ. ಮಿಕ್ಕವರದು ಸಂತೆಯ ಅರಬಿ. ಅವರಿಗೆ ಒಂದಕ್ಷರ ತಿಳಿಯಲಿಲ್ಲ.

‘‘ಏನಂತೆ ಮಕ್ರುಹಿ? ಯಾರು ಇವನು?’’ ಎಂದಳು ಪೆರೂಜ್.

ಮಕ್ರುಹಿ ಹಿಂದೆ ತಿರುಗಿ ನೋಡಿದಳು. ಹನ್ನೊಂದು ಮುಖಗಳು. ಈಗಷ್ಟೇ ಅವಳ ಪಕ್ಕ ಮೊಣಕಾಲೂರಿ ಎದ್ದವರು. ಅವಳಿಗೆ ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ, ಎದುರು ನಿಂತವನನ್ನು ಬಿಟ್ಟರೆ.

‘‘ತಾಯಿನ ಹುಡುಕ್ಕೊಂಡು ಬಂದಿದಾನೆ. ಅವಳು ತೀರ್ಕೊಂಡು ಬಹಳ ಕಾಲ ಆಯ್ತು, ಇವನಿಗೆ ತಿಳಿದಿಲ್ಲ,’’ ಎಂದಳು ನಮ್ಮ ಮಾತಿನಲ್ಲಿ.

‘‘ಅಯ್ಯೋ ಪಾಪ. ಯಾರ ಮಗನಾದ್ರೇನು, ತಬ್ಬಲಿ ಮಗು. ಕೂರಿಸು, ದ್ರಾಕ್ಷಿ ಕೊಡು,’’ ಎಂದು ಪೆರೂಜ್ ತಾನೇ ತಟ್ಟೆ ಎತ್ತಿ ಕೊಟ್ಟಳು.

ಹುಡುಗ ಹೊಸ್ತಿಲಲ್ಲಿ ಕೂತ. ಮಕ್ರುಹಿ ಎದುರಿಗೆ ಕೂತಳು. ಅವಳು ಹೇಳಿದ್ದು ಮೂರೇ ಮಾತು: ನೂರಾ ಇಲ್ಲ, ತೀರಿಕೊಂಡಳು, ಬಹಳ ಹಿಂದೆ. ಅವನು ದ್ರಾಕ್ಷಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ತಿನ್ನಲಿಲ್ಲ.

‘‘ನೀವು ನಮ್ಮ ಕಡೆಯವರ ಹಾಗೇ ಮಾತಾಡ್ತೀರಿ,’’ ಎಂದ.

‘‘ನಿನ್ನ ತಾಯಿಯ ಜೊತೆ ಕಲಿತದ್ದು. ಅದೇ ಗಾಡಿಯಲ್ಲಿ ಬಂದವಳು ನಾನು.’’

‘‘ಹೇಗೆ ಸತ್ತಳು?’’

ಹೇಳಲು ಅವಳ ಬಳಿ ಒಂದೇ ಸಾವು ಇತ್ತು. ಅದನ್ನೇ ಹೇಳಿದಳು.

‘‘ನದಿಗೆ ಹಾರಿದಳು. ನಿನ್ನನ್ನ ಬಿಟ್ಟು ಗಾಡಿ ಹತ್ತಿದ ದಿನಾನೇ. ಸಂಜೆಗೆ ಬರ್ತೀನಿ ಅಂತ ನಿನಗೆ ಹೇಳಿದ್ದಳಂತೆ. ಗಾಡಿ ನಿಲ್ಲಿಸಲಿಲ್ಲ. ಬಂಡೆ ಮೇಲಿಂದ ಹಾರಿದಳು.’’

ಹುಡುಗ ತಲೆ ಎತ್ತಿದ. ಅವನ ಮುಖ ಹಗುರಾಗಿತ್ತು. ಬಂದಾಗಿನ ಬಿಗುವು ಎಲ್ಲೂ ಇರಲಿಲ್ಲ.

‘‘ಹಾಗಾದ್ರೆ ಅವಳು ನನ್ನನ್ನ ಬಿಟ್ಟು ಹೋಗಲಿಲ್ಲ,’’ ಎಂದ.

‘‘ಇಲ್ಲ,’’ ಎಂದಳು ಮಕ್ರುಹಿ.